ಟಿಪ್ಪರ್ ಮಾವನ ಬಿಟ್ಟಿ ಮಣ್ಣು

ನನ್ನ ತಾಯಿಯ ತಮ್ಮ ನನಗೊಬ್ಬಳಿಗೇ ಮಾವನಾಗಿರಬೇಕಿತ್ತು. ಆದರೆ ಬಿಟ್ಟಿಯಾಗಿ ಏನು ಸಿಕ್ಕರೂ ಬೇಡವೆನ್ನದ ಊರು ನಮ್ಮದು. ಹಾಗಾಗಿ ಅವನು ಎಲ್ಲರಿಗೂ ಮಾವನಾದ. ಸ್ವಂತದ್ದೊಂದು ಟಿಪ್ಪರ್ ಲಾರಿ ಇಟ್ಟುಕೊಂಡಿದ್ದರಿಂದ ಟಿಪ್ಪರ್ ಮಾವ. ಆ ಲಾರಿಯ ಹಿಂಬದಿಯ ಹಲಗೆಯ ಮೇಲೆ ಕೆಂಪು ಅಕ್ಷರಗಳಲ್ಲಿ ‘ಮಾವ ಬಂದ, ದಾರಿ ಬಿಡಿ’ ಎಂದು ಬರೆಸಿದ್ದ. ಮುಂದೆ ಹೋಗುವವರಿಗೆ ಹೇಳಬೇಕಾದ ಮಾತನ್ನು ಹಿಂದೆ ಬರುವವರಿಗೆ ಮಾತ್ರ ಕಾಣುವಂತೆ ಬರೆಸಿದ ಲಾರಿ ಮಾಲೀಕ ಅವನೊಬ್ಬನೇ ಇರಬೇಕು.

ಕಲ್ಲು, ಮರಳು, ಒಡೆದ ಗೋಡೆಯ ಇಟ್ಟಿಗೆ ಚೂರು, ಮಣ್ಣು ಸಾಗಿಸುವುದು ಅವನ ಕಸುಬು. ಅದರಲ್ಲೂ ಮಣ್ಣಿನ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ಹೊಸಕಿ, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದ.

“ಲ್ಯಾಬು ಗೀಬು ಎಲ್ಲ ಓದಿದವರಿಗೆ. ನನಗೆ ಈ ನಾಲಿಗೆಯೇ ಲ್ಯಾಬು.”

“ಆ ಲ್ಯಾಬಿಗೆ ಊಟದ ಹೊತ್ತಲ್ಲಿ ರಜೆ,” ಎನ್ನುತ್ತಿದ್ದಳು ಅತ್ತೆ. “ಉಪ್ಪು ಹಾಕೋದು ಮರೆತಿದ್ರೂ ಗೊತ್ತಾಗಲ್ಲ ಇವರಿಗೆ.”

ಅವರ ಮನೆ ನಮ್ಮದಕ್ಕೆ ಅಂಟಿಕೊಂಡೇ ಇತ್ತು. ನಡುವೆ ಒಂದೇ ಗೋಡೆ. ಅತ್ತೆ ಕೆಮ್ಮಿದರೆ ನಾನು ಈಚೆಯಿಂದ ನೀರು ಕುಡಿಯಿರಿ ಎನ್ನುವಷ್ಟು ತೆಳ್ಳಗಿನದು. ನಾನು ನಗರಸಭೆಯಲ್ಲಿ ಟೈಪಿಸ್ಟ್. ಹಾಗಾಗಿ ಮನೆಯಲ್ಲಿ ನಡೆದದ್ದನ್ನು ಗೋಡೆ ಹೇಳಿತು, ಊರಲ್ಲಿ ನಡೆದದ್ದನ್ನು ಆಫೀಸು ಹೇಳಿತು.

ಊರಿನ ತಗ್ಗಿನ ಕಡೆ, ಹೊಳೆ ದಂಡೆಗೆ ಹತ್ತಿಕೊಂಡಂತೆ ಒಂದು ಕಾರ್ಖಾನೆ ಇತ್ತು. ಸತ್ತ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ಕರಗಿಸಿ, ಗಟ್ಟಿಗಳನ್ನಾಗಿ ಮಾಡಿ ಮಾರುವುದು ಅಲ್ಲಿನ ಕೆಲಸ. ಆಸಿಡ್ ಅಂಗಳಕ್ಕೆ, ಧೂಳು ಗಾಳಿಗೆ, ಲಾಭ ಮಾಲೀಕರಿಗೆ. ಹಂಚಿಕೆಯಲ್ಲಿ ಯಾರಿಗೂ ಅನ್ಯಾಯವಿರಲಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ದೊಡ್ಡದೊಂದು ಮರದ ಚಿತ್ರ ಬಿಡಿಸಿ, ಪ್ರಕೃತಿಯ ಮೇಲೆ ತಮಗಿರುವ ಪ್ರೀತಿಯನ್ನು ಎರಡು ಸಾಲಿನಲ್ಲಿ ಬರೆಸಿದ್ದರು. ಪ್ರೀತಿ ಹೆಚ್ಚಾಗಿ ಕೊನೆಗೊಂದು ದಿನ ಕುಲುಮೆ ಆರಿಸಿ, ಆ ಜಾಗದಲ್ಲಿ ಮನೆಗಳ ಸಮುಚ್ಚಯ ಕಟ್ಟುತ್ತೇವೆಂದರು. ಹೆಸರು ‘ಹಸಿರು ನೆರಳು’. ಹಸಿರೂ ಇರಲಿಲ್ಲ, ನೆರಳೂ ಇರಲಿಲ್ಲ, ಹೆಸರಿಗೇನು ಕೊರತೆ?

ಕಟ್ಟಡಕ್ಕೆ ಮುಂಚೆ ಅಂಗಳದ ಮಣ್ಣನ್ನು ಆಳುದ್ದ ತೆಗೆಯಬೇಕಿತ್ತು. ತೆಗೆದದ್ದನ್ನು ಬಹಳ ದೂರದಲ್ಲಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವೊಂದರಲ್ಲಿ ಮುಚ್ಚಬೇಕೆಂದು ಸರ್ಕಾರದ ನಿಯಮ. ನಿಯಮ ದೂರದಲ್ಲಿತ್ತು, ಮಾವನ ಮನೆ ಹತ್ತಿರದಲ್ಲಿತ್ತು. ಕಾರ್ಖಾನೆಯ ಮ್ಯಾನೇಜರ್ ಹತ್ತಿರದ್ದನ್ನೇ ಆರಿಸಿಕೊಂಡ. ಬಹಳ ಮೃದು ಮಾತಿನ ಮನುಷ್ಯ. ಅಂಗಳಕ್ಕೆ ಬಂದಾಗಲೆಲ್ಲ ಮೂಗಿಗೆ ಕರವಸ್ತ್ರ ಹಿಡಿದೇ ಇರುತ್ತಿದ್ದ. ಪಾಪ, ನೆಗಡಿ ಬಿಡುತ್ತಿಲ್ಲ ಎಂದು ಮಾವ ಮರುಗಿದ.

“ಇದನ್ನ ಎಲ್ಲಿಗೆ ಹಾಕ್ಲಿ ಸಾರ್?”

“ನಮ್ಮ ಕಣ್ಣಿಗೆ ಕಾಣ್ದೇ ಇರೋ ಕಡೆ.”

“ಮಣ್ಣು ಬಹಳ ಚೆನ್ನಾಗಿದೆಯಲ್ಲ ಸಾರ್? ಕಪ್ಪಗೆ, ಮೆತ್ತಗೆ.”

“ತುಂಬ ಚೆನ್ನಾಗಿದೆ,” ಎಂದ ಮ್ಯಾನೇಜರ್ ಕರವಸ್ತ್ರದ ಒಳಗಿಂದ.

ಚೆನ್ನಾಗಿದ್ದದ್ದು ಸುಳ್ಳೇನಲ್ಲ. ಕಾರ್ಖಾನೆ ಹುಟ್ಟುವ ಮುಂಚೆ ಹೊಳೆಯೇ ತಂದು ಹಾಸಿದ್ದ ಮಣ್ಣು ಅದು. ಮಾವ ಒಂದು ಚಿಟಿಕೆ ನಾಲಿಗೆಗಿಟ್ಟು, “ಸ್ವಲ್ಪ ಹುಳಿ ಇದೆ, ಸುಣ್ಣ ಹಾಕಿದರೆ ಬಂಗಾರ,” ಎಂದು ಘೋಷಿಸಿದ. ಅಂಥ ಮಣ್ಣನ್ನು ಹಳ್ಳಕ್ಕೆ ಸುರಿಯಲು ಅವನಿಗೆ ಮನಸ್ಸು ಬರಲಿಲ್ಲ. ಸಾಗಿಸುವ ಕೂಲಿಯನ್ನು ಕಾರ್ಖಾನೆ ಕೊಡುತ್ತಿತ್ತು. ಮಣ್ಣನ್ನು ಊರಿಗೆ ದಾನ ಮಾಡಿದರೆ ಪುಣ್ಯ ತನಗೆ. ಇಷ್ಟು ಸುಲಭದ ಪುಣ್ಯ ಯಾರಿಗುಂಟು?

ಆ ವರ್ಷ ಊರಿನಲ್ಲಿ ಮಾವನಿಗಿದ್ದ ಮರ್ಯಾದೆ ನಗರಸಭೆ ಅಧ್ಯಕ್ಷರಿಗೂ ಇರಲಿಲ್ಲ. ಅಧ್ಯಕ್ಷರೇ ಮನೆ ತನಕ ಬಂದು ತಮ್ಮ ಗುಲಾಬಿ ತೋಟಕ್ಕೆ ಒಂದು ಲೋಡ್ ಕೇಳಿದರು. ಶಾಲೆಯ ಹೆಡ್ ಮೇಡಂ ಮೈದಾನದ ತಗ್ಗು ತುಂಬಿಸಿಕೊಂಡರು. ಮಕ್ಕಳ ಡಾಕ್ಟರಮ್ಮನ ಕ್ಲಿನಿಕ್ಕಿನ ಮುಂದಿನ ಹೂವಿನ ಪಾತಿಗೂ ಬಿತ್ತು. ಸೇತುವೆಯಾಚೆ, ಏರಿನ ಮೇಲೆ, ಹೊಸ ಬಡಾವಣೆಯಲ್ಲಿ ಹಿತ್ತಲು ಇದ್ದವರೆಲ್ಲ ಸಾಲಾಗಿ ಮಾವನನ್ನು ಕಾಫಿಗೆ ಕರೆದರು. ಮನೆಯಲ್ಲಿ ಒಂದು ಮೊಳೆ ಹೊಡೆಯಿರಿ ಎಂದರೆ ಸೊಂಟ ಹಿಡಿದುಕೊಳ್ಳುವವನು ಊರವರ ಹಿತ್ತಲಲ್ಲಿ ಗುದ್ದಲಿ ಹಿಡಿದು ಮಣ್ಣು ಹರವಿ ಕೊಡುತ್ತಿದ್ದ.

ಸ್ವಂತ ಹಿತ್ತಲನ್ನು ಮರೆತನೆಂದಲ್ಲ. ಎಲ್ಲರಿಗಿಂತ ದಪ್ಪನೆಯ ಪದರ ನಮ್ಮ ಅತ್ತೆಯದೇ. ಸುಣ್ಣ, ಗೊಬ್ಬರ ಬೆರೆಸಿದ ಆ ಮಣ್ಣಿನಲ್ಲಿ ಪಾಲಕ್ ಸೊಪ್ಪು ಅಂಗೈಯಗಲ ಎಲೆ ಬಿಟ್ಟಿತು, ಮೂಲಂಗಿ ತೋಳಿನಷ್ಟು ದಪ್ಪ ಬಂತು. ಅತ್ತೆ ಎಂದೂ ಗಂಡನನ್ನು ಹೊಗಳಿದವಳಲ್ಲ. ಆಗ ಮಾತ್ರ ಗೋಡೆಯಾಚೆಯಿಂದ, “ಒಂದಾದ್ರೂ ನೆಟ್ಟಗಿರೋ ಕೆಲಸ ಮಾಡಿದ್ರಿ,” ಎಂದದ್ದು ನನಗೆ ಕೇಳಿಸಿತು. ಕೋಳಿಗಳು ದಿನವಿಡೀ ಅದನ್ನೇ ಕೆದಕಿ ತಿಂದವು. ಸ್ವಲ್ಪ ಕಾಲದ ಮೇಲೆ ಮೊಟ್ಟೆಯ ಚಿಪ್ಪು ತೆಳ್ಳಗಾಯಿತು, ಒಂದೆರಡು ಕೋಳಿ ಕುಂಟತೊಡಗಿದವು. ವಯಸ್ಸಾಯಿತು ಅವಕ್ಕೆ ಎಂದ ಮಾವ. ಹಿಂದಿನ ವರ್ಷ ಮರಿಯಾಗಿದ್ದ ಕೋಳಿಗಳು!

ಮಾವನ ಮಗಳು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ತನ್ನ ಪುಟ್ಟ ಮಗಳನ್ನು ಬೆಳಿಗ್ಗೆ ತಂದು ಅತ್ತೆಯ ಬಳಿ ಬಿಟ್ಟು ಸಂಜೆ ಕರೆದುಕೊಂಡು ಹೋಗುವುದು ವಾಡಿಕೆ. ಮಗು ಒಂದು ಕಡೆ ಕೂರುತ್ತಿರಲಿಲ್ಲವಾದ್ದರಿಂದ ಎಲ್ಲರೂ ಗುಬ್ಬಿ ಎನ್ನುತ್ತಿದ್ದೆವು. ಅವಳ ಲೋಕವೆಲ್ಲ ಹಿತ್ತಲು. ಅಜ್ಜ ತಂದ ಮೆತ್ತನೆ ಮಣ್ಣಿನಲ್ಲಿ ಗುಡ್ಡೆ ಕಟ್ಟುವುದು, ಅದನ್ನು ಕೆಡವುವುದು, ಕೈ ಬಾಯಿಗಿಡುವುದು. ಆಗಷ್ಟೇ ಮಾತು ಬರುತ್ತಿತ್ತು. ‘ತಾತ’, ‘ಕೋಕೋ’, ‘ಬೇಡ’ ಎಲ್ಲ ಸ್ಪಷ್ಟವಾಗಿ ಹೇಳುತ್ತಿದ್ದವಳು ಯಾಕೋ ನಿಲ್ಲಿಸಿದಳು. ಮುಖ ಬಿಳಿಚಿತು. ಹೊಟ್ಟೆ ಹಿಡಿದುಕೊಂಡು ಅಳುವುದು, ಊಟ ದೂಡುವುದು, ಸುಮ್ಮಸುಮ್ಮನೆ ರಚ್ಚೆ. ಕೂರದೇ ಇದ್ದ ಗುಬ್ಬಿ ಒಂದು ಮೂಲೆಯಲ್ಲಿ ಕೂತೇ ಇರತೊಡಗಿತು. ಹಲ್ಲು ಬರುತ್ತಿರಬೇಕು ಎಂದಳು ನೆರೆಯವಳೊಬ್ಬಳು. ದೃಷ್ಟಿ ಇರಬೇಕು ಎಂದಳು ಇನ್ನೊಬ್ಬಳು. ಹುಳದ ಔಷಧ ಕೊಟ್ಟರು ಡಾಕ್ಟರಮ್ಮ. ಯಾವುದಕ್ಕೂ ಬಗ್ಗದಾಗ ರಕ್ತ ತೆಗೆಸಿ ದೂರದ ಆಸ್ಪತ್ರೆಗೆ ಕಳಿಸಿದರು.

ಫಲಿತಾಂಶ ಬಂದ ದಿನ ಮಾವ, ಅತ್ತೆ, ಮಗಳ ಜತೆ ನಾನೂ ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರಮ್ಮ ಕೇಳಿದರು: “ಮಗು ಮಣ್ಣು ತಿನ್ನುತ್ತಾ?”

“ಯಾವ ಮಗು ತಿನ್ನಲ್ಲ ಹೇಳಿ ಡಾಕ್ಟ್ರೇ?” ಮಾವ ನಕ್ಕ. “ನಾನೂ ತಿಂದೇ ಬೆಳೆದಿದ್ದೀನಿ. ಈಗಲೂ ಸ್ವಲ್ಪ ಸ್ವಲ್ಪ...”

“ನೀವು ತಿಂದದ್ದು ಮಣ್ಣು. ಇವಳು ತಿಂದಿರೋದು ಬ್ಯಾಟರಿ. ರಕ್ತದಲ್ಲಿ ಸೀಸ ತುಂಬ ಇದೆ. ಈ ಮಣ್ಣು ಎಲ್ಲಿಂದ ಬಂತು?”

ಮಾವನ ಕಣ್ಣು ಕಿಟಕಿಯಾಚೆಗೆ ಹೋಯಿತು. ಡಾಕ್ಟರಮ್ಮನ ಕಣ್ಣೂ ಹಿಂದೆಯೇ ಹೋಯಿತು. ಅಲ್ಲಿ ಕ್ಲಿನಿಕ್ಕಿನ ಹೂವಿನ ಪಾತಿ, ಔಷಧಕ್ಕಾಗಿ ಕಾಯುತ್ತಿದ್ದ ಯಾರದೋ ಮಗು ಅದರ ಅಂಚಿನಲ್ಲಿ ಕೂತು ಕಡ್ಡಿಯಿಂದ ಗೀಚುತ್ತಿತ್ತು. ಡಾಕ್ಟರಮ್ಮ ಎದ್ದು ಓಡಿಹೋಗಿ ಆ ಮಗುವನ್ನು ಎತ್ತಿಕೊಂಡು ಒಳಗೆ ಬಂದರು. ಅವರು ಹಾಗೆ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಗುಬ್ಬಿಯನ್ನು ಆಸ್ಪತ್ರೆಗೆ ಸೇರಿಸಿದರು. ರಕ್ತದಿಂದ ಸೀಸವನ್ನು ಹಿಡಿದೆಳೆದು ಮೂತ್ರದಲ್ಲಿ ಹೊರಹಾಕುವ ಔಷಧ ಇದೆಯಂತೆ. ಆದರೆ ಮಿದುಳಿಗೆ ಆಗಿಹೋದದ್ದನ್ನು ಅದು ತಿದ್ದುವುದಿಲ್ಲವಂತೆ. ಮನೆಯವರೆಲ್ಲರ ರಕ್ತವನ್ನೂ ತೆಗೆದರು. ಅತ್ತೆಯದು ಹೆಚ್ಚಿತ್ತು. ಮಾವನದು ಎಲ್ಲರಿಗಿಂತ ಹೆಚ್ಚು. ಇತ್ತೀಚೆಗೆ ಅವನ ಕೈ ನಡುಗುತ್ತಿದ್ದುದಕ್ಕೂ, ಬಾಯಿರುಚಿ ಹೋಗಿದ್ದಕ್ಕೂ ಕಾರಣ ಸಿಕ್ಕಿತು. ನಾಲಿಗೆಯ ಲ್ಯಾಬು ಅಷ್ಟು ವರ್ಷ ತೆಗೆದುಕೊಂಡ ಮಾದರಿಗಳನ್ನೆಲ್ಲ ಜೋಪಾನವಾಗಿ ಮೂಳೆಯಲ್ಲಿ ಕೂಡಿಟ್ಟಿತ್ತು.

ಮಾವ ಮಾತು ಬಿಟ್ಟ. ಅವನು ಸುಮ್ಮನಿದ್ದದ್ದು ಗೋಡೆಯಾಚೆ ನನಗೆ ಎಷ್ಟು ವಿಚಿತ್ರವಾಗಿ ಕೇಳಿಸಿತೆಂದರೆ, ಆಗಾಗ ಎದ್ದು ಹೋಗಿ ನೋಡಿಬರುತ್ತಿದ್ದೆ. ಹಿತ್ತಲ ಬಾಗಿಲಿಗೆ ಬೀಗ ಹಾಕಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕಾವಲುಗಾರನಂತೆ ಕೂತಿರುತ್ತಿದ್ದ.

ಡಾಕ್ಟರಮ್ಮ ಬರೆದ ಮೇಲೆ ಸರ್ಕಾರದ ಪ್ರಯೋಗಾಲಯದಿಂದ ಒಬ್ಬರು ಮೇಡಂ ಬಂದರು. ಬಸ್ಸಿನಲ್ಲಿ ಬಂದರು, ಬೆನ್ನಿಗೊಂದು ಚೀಲ, ಕೈಯಲ್ಲಿ ತಿರುಪಿನ ಹಾಗೆ ಸುತ್ತಿಕೊಂಡ ಉದ್ದನೆಯ ಕಬ್ಬಿಣದ ಸಲಾಕೆ. ಕೂದಲು ಕಟ್ಟಿ, ಬೂಟು ಹಾಕಿ, ಮೊದಲು ಊರೆಲ್ಲ ಸುತ್ತಿ, ಕೊನೆಗೆ ಮಾವನ ಹಿತ್ತಲಲ್ಲಿ ಆ ಸಲಾಕೆಯನ್ನು ತಿರುಗಿಸಿ ತಿರುಗಿಸಿ ಇಳಿಸಿದರು. ಎತ್ತಿದಾಗ ಮಣ್ಣು ಪದರ ಪದರವಾಗಿ ಅದರಲ್ಲೇ ನಿಂತಿತ್ತು: ಮೇಲೆ ಕಪ್ಪು, ಕೆಳಗೆ ನಮ್ಮ ಊರಿನ ಹಳೆಯ ಕೆಂಪು. ನಡುವಿನ ಗೆರೆ ಚಾಕುವಿನಲ್ಲಿ ಕೊಯ್ದಂತೆ. ಬಂದೂಕಿನ ಆಕಾರದ ಯಂತ್ರವೊಂದನ್ನು ಕಪ್ಪಿಗೆ ಮುಟ್ಟಿಸಿದರು, ಅಂಕಿ ಏರಿತು. ಕೆಂಪಿಗೆ ಮುಟ್ಟಿಸಿದರು, ಅಂಕಿ ಬಿದ್ದುಹೋಯಿತು.

“ಮಣ್ಣಲ್ಲಿ ಸೀಸ ಸುಲಭಕ್ಕೆ ಓಡಾಡಲ್ಲ,” ಎಂದರು ಮೇಡಂ. “ಜೇಡಿಮಣ್ಣಿಗೆ, ಕೊಳೆತ ಎಲೆಗೆ ಅಂಟಿಕೊಂಡು ಕೂತ್ಬಿಡುತ್ತೆ. ಆಸಿಡ್ ಬಿದ್ರೆ ಮಾತ್ರ ಹಿಡಿತ ಬಿಟ್ಟು ಕೆಳಗಿಳಿಯುತ್ತೆ. ಕಾರ್ಖಾನೆ ಅಂಗಳದಲ್ಲಿ ಹಾಗೇ ಆಗಿದೆ, ಅಲ್ಲಿನ ಬಾವಿವರೆಗೂ ಹೋಗಿದೆ. ಇಲ್ಲಿ ನೀವು ಸುಣ್ಣ ಹಾಕಿದ್ರಲ್ಲ, ಹುಳಿ ಹೋಯ್ತು, ಸೀಸ ಮೇಲೇ ನಿಂತ್ಕೊಳ್ತು. ನಿಮ್ಮ ಬಾವಿ ಉಳೀತು.”

“ಅಂದ್ರೆ ಸುಣ್ಣ ಹಾಕಿದ್ದು ಒಳ್ಳೇದೇ ಆಯ್ತಲ್ಲ?” ಮಾವನ ಮುಖದಲ್ಲಿ ಬಹಳ ದಿನಗಳ ಮೇಲೆ ಸ್ವಲ್ಪ ಜೀವ ಬಂತು.

“ಬಾವಿಗೆ ಒಳ್ಳೇದಾಯ್ತು. ಮೇಲೇ ನಿಂತಿದ್ದಕ್ಕೆ ಮಗು ಕೈಗೆ ಸಿಕ್ತು.”

ಬಂದ ಜೀವ ಹಾಗೇ ಹಿಂದಕ್ಕೆ ಹೋಯಿತು.

ಮೇಡಂ ಸಲಾಕೆಯನ್ನು ಒರೆಸುತ್ತ, ಏನೂ ಅಲ್ಲವೆಂಬಂತೆ ಮುಂದುವರಿಸಿದರು. “ಶಾಲೆ ಮೈದಾನದಲ್ಲೂ ಇದೇ ಗೆರೆ. ಬಡಾವಣೇಲೂ ಇದೇ. ನೀರು ತಂದಿದ್ರೆ ಕೆಳಗಿಂದ ಬರ್ಬೇಕಿತ್ತು. ಗಾಳಿ ತಂದಿದ್ರೆ ಧೂಳಿನಷ್ಟು ತೆಳ್ಳಗಿರ್ಬೇಕಿತ್ತು. ಇದು ಒಂದು ಮೊಳ ದಪ್ಪ. ಯಾರೋ ತಂದು ಹಾಕಿದಾರೆ. ಆ ಲಾರಿ ಯಾರದು ಅಂತ ಕೇಳೋ ಅಗತ್ಯ ನನಗಿಲ್ಲ, ನಿಮ್ಮ ಮನೆ ಮುಂದೇನೇ ನಿಂತಿದೆ. ಮುಂದಿನ ವಾರ ಸಭೆ ಇದೆ. ಜಾಗ ನಾನು ತೋರಿಸ್ತೀನಿ. ಹೆಸರು ನೀವೇ ಹೇಳಿದ್ರೆ ಚೆನ್ನ.”

ನಗರಸಭೆಯ ಆ ಸಭೆಗೆ ನಡಾವಳಿ ಬರೆದುಕೊಳ್ಳಲು ನಾನು ಮೂಲೆಯಲ್ಲಿ ಕೂತಿದ್ದೆ. ಕಾರ್ಖಾನೆಯವರು ದೂರದಿಂದ ಒಬ್ಬ ತಜ್ಞರನ್ನು ಕರೆಸಿದ್ದರು. ಅವರ ಟೈ ಎಷ್ಟು ಬಿಗಿಯಾಗಿತ್ತೆಂದರೆ ಸತ್ಯ ಹೊರಬರಲು ಜಾಗವಿರಲಿಲ್ಲ. ಸೀಸ ಮಣ್ಣಿನಲ್ಲಿ ಒಂದು ಗೇಣು ಇಳಿಯಲು ಮನುಷ್ಯನ ಆಯಸ್ಸೇ ಬೇಕು, ಕಾರ್ಖಾನೆಯ ಸೀಸ ಊರೊಳಕ್ಕೆ ಬಂದಿರಲು ಸಾಧ್ಯವೇ ಇಲ್ಲ ಎಂದರು. ಎಲ್ಲರೂ ಸಮಾಧಾನದಿಂದ ತಲೆಯಾಡಿಸಿದರು.

“ಸರಿಯಾಗಿ ಹೇಳಿದ್ರಿ,” ಎಂದರು ಮೇಡಂ. “ಸೀಸಕ್ಕೆ ಕಾಲಿಲ್ಲ. ಹಾಗಾದ್ರೆ ಅದು ಸೇತುವೆ ದಾಟಿ, ಏರು ಹತ್ತಿ, ಶಾಲೆ ಮೈದಾನಕ್ಕೆ ಹೇಗೆ ಹೋಯ್ತು?”

ತಜ್ಞರು ನೀರು ಕುಡಿದು, ಗಾಳಿ ಇರಬಹುದು ಎಂದರು. ಮೇಡಂ ಗೋಡೆಯ ಮೇಲೆ ನಕ್ಷೆ ಹರಡಿದರು. ಊರಿನ ತುಂಬ ಕೆಂಪು ಚುಕ್ಕೆ. “ಈ ಗಾಳಿ ಅಂಚೆ ಕಚೇರಿ ಹತ್ರ ಎಡಕ್ಕೆ ತಿರುಗಿದೆ, ಅಧ್ಯಕ್ಷರ ಮನೆ ಗೇಟಿನೊಳಗೆ ಹೋಗಿದೆ, ಪಕ್ಕದ ಮನೆ ಬಿಟ್ಟು ಅದರಾಚೆ ಮನೆಗೆ ಹೋಗಿದೆ. ಬಹಳ ವಿಳಾಸ ಗೊತ್ತಿರೋ ಗಾಳಿ.”

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಮಾವ ಎದ್ದು ನಿಂತಿದ್ದ. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ.

“ಆ ಗಾಳಿ ನಾನೇ,” ಎಂದ.

ಸಭೆ ಸಿಡಿದೇಳುತ್ತದೆ, ಕಾರ್ಖಾನೆಯ ಮೇಲೆ ಬೀಳುತ್ತದೆ ಎಂದೆಲ್ಲ ನಾನು ಪೆನ್ನು ಹಿಡಿದು ಕಾದೆ. ಅಂಥದ್ದೇನೂ ಆಗಲಿಲ್ಲ. ಅಧ್ಯಕ್ಷರು ಬಹಳ ಕನಿಕರದಿಂದ, “ಮಾವ, ನಿಮಗೆ ಹುಷಾರಿಲ್ಲ ಅನ್ಸುತ್ತೆ, ಕೂತ್ಕೊಳ್ಳಿ,” ಎಂದರು. ಬಡಾವಣೆಯವನೊಬ್ಬ ಎದ್ದು, ಚುಕ್ಕೆ ಇಟ್ಟ ಮನೆಯನ್ನು ನಾಳೆ ಯಾರು ಕೊಳ್ಳುತ್ತಾರೆ ಎಂದು ಮೇಡಂ ಮೇಲೆಯೇ ರೇಗಿದ. ಇನ್ನೊಬ್ಬ ನಕ್ಷೆಯನ್ನು ಸುತ್ತಿಡಿ, ಮಕ್ಕಳು ಹೆದರುತ್ತಾರೆ ಎಂದ. ಮಕ್ಕಳು ಯಾರೂ ಅಲ್ಲಿರಲಿಲ್ಲ. ಇನ್ನಷ್ಟು ಅಧ್ಯಯನ ಆಗಲಿ ಎಂದು ಒಮ್ಮತದ ತೀರ್ಮಾನವಾಯಿತು. ನಮ್ಮಲ್ಲಿ ಒಂದು ವಿಷಯವನ್ನು ಮಣ್ಣು ಮಾಡಬೇಕೆಂದರೆ ಗುದ್ದಲಿ ಬೇಡ, ಅಧ್ಯಯನ ಸಾಕು.

ಮಾವನಿಗೆ ಅಧ್ಯಯನದ ಮೇಲೆ ನಂಬಿಕೆ ಬರಲಿಲ್ಲ. ಮಾರನೇ ದಿನವೇ ಮನೆ ಮನೆಗೆ ಹೊರಟ.

“ನಾನು ಕೊಟ್ಟ ಮಣ್ಣು ವಾಪಸ್ ಕೊಡಿ. ಅದರಲ್ಲಿ ವಿಷ ಇದೆ.”

ಕಾಫಿ ಕೊಟ್ಟ ಬಾಗಿಲುಗಳೆಲ್ಲ ಅರ್ಧ ತೆರೆದು ಮುಚ್ಚಿಕೊಂಡವು. ಕೊಟ್ಟದ್ದನ್ನು ಕೇಳುವುದು ಸಣ್ಣತನ ಎಂದರು ಕೆಲವರು. ಮಣ್ಣಿನಲ್ಲಿ ಏನೋ ಬೆಲೆಬಾಳುವ ಲೋಹ ಸಿಕ್ಕಿರಬೇಕು, ಅದಕ್ಕೇ ಮುದುಕ ಓಡಾಡುತ್ತಿದ್ದಾನೆ ಎಂದು ಇನ್ನು ಕೆಲವರು ಹಿತ್ತಲಿಗೆ ಬೇಲಿಯನ್ನೂ ಹಾಕಿಸಿದರು. “ನಮ್ಮ ಮನೆಯವರೆಲ್ಲ ಗುಂಡುಕಲ್ಲಿನ ಹಾಗಿದ್ದೀವಿ, ನಿಮ್ಮ ಮಗೂಗೆ ಏನೋ ಆಗಿದ್ರೆ ನಾವೇನ್ ಮಾಡೋಣ?” ಎಂದಳು ತಾಯಿಯೊಬ್ಬಳು. ಅವಳ ಮಗ ಹಿಂದೆ ಕೂತು ಮೂಲಂಗಿ ಕಡಿಯುತ್ತಿದ್ದ.

ಆ ದಿನ ಮಾವ ಬಂದವನೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತ. ಗಂಡಸು ಅಳುವುದನ್ನು ಗೋಡೆ ಮುಚ್ಚಿಡಲಿಲ್ಲ. ಅತ್ತೆ ಪಾತ್ರೆ ಕುಕ್ಕಿದ ಸದ್ದಾಯಿತು.

“ವಿಷ ಅಂದ್ರೆ ಈ ಊರಲ್ಲಿ ಯಾರೂ ಬಿಡಲ್ಲ ರೀ. ಹಳೇದು ಕೊಟ್ಟು ಹೊಸದು ತಗೊಳ್ಳಿ ಅನ್ನಿ. ಬಾಗಿಲು ತೆಗೆದು ಓಡಿ ಬರ್ತಾರೆ.”

ಗುಡ್ಡದ ಕಡೆ ಕೆರೆಯೊಂದರ ಹೂಳೆತ್ತುತ್ತಿದ್ದರು. ಮಾವ ಆ ಮಣ್ಣನ್ನು ಮೇಡಂಗೆ ಕಳಿಸಿ ಪರೀಕ್ಷೆ ಮಾಡಿಸಿದ; ಈ ಸಲ ನಾಲಿಗೆ ಬಾಯೊಳಗೇ ಉಳಿಯಿತು. ಶುದ್ಧವೆಂದು ಉತ್ತರ ಬಂದ ಮೇಲೆ ಲಾರಿಗೆ ಒಂದು ಬಟ್ಟೆ ಕಟ್ಟಿದ: ‘ಹಳೆ ಮಣ್ಣಿಗೆ ಹೊಸ ಮಣ್ಣು. ಸ್ವಲ್ಪ ದಿನ ಮಾತ್ರ.’ ನೋಡಬೇಕಿತ್ತು ಜನರ ಆತುರ! ಬೇಲಿ ಹಾಕಿಸಿದವರೇ ಬೇಲಿ ಕಿತ್ತು ಕರೆದರು. ನಮ್ಮದರಲ್ಲಿ ಇನ್ನೂ ಒಂದಿಷ್ಟು ಹಳೇದು ಉಳಿದಿದೆ, ಬಿಟ್ಟು ಹೋಗಬೇಡಿ ಎಂದು ಮೂಲೆ ಮೂಲೆ ಕೆರೆದು ತೋರಿಸಿದರು. ಅಧ್ಯಕ್ಷರು ಮಾತ್ರ ತಾವೇ ಬರದೆ ಮಾಲಿಯ ಕೈಲಿ ಹೇಳಿ ಕಳಿಸಿದರು. ಹಿಂಬಾಗಿಲಿನಿಂದ ಬನ್ನಿ ಅಂತ.

ಮೇಡಂ ಹೇಳಿಕೊಟ್ಟ ಹಾಗೆ ಧೂಳೇಳದಂತೆ ನೀರು ಚಿಮುಕಿಸಿ, ಮೂಗಿಗೆ ಅತ್ತೆಯ ಹಳೆಯ ಶಾಲು ಸುತ್ತಿಕೊಂಡು, ಕೆಂಪು ಮಣ್ಣು ಕಾಣುವ ತನಕ ಅಗೆದು, ತೆಗೆದದ್ದನ್ನು ಸದ್ಯಕ್ಕೆ ಆಯಾ ಮನೆಯ ಮೂಲೆಯಲ್ಲೇ ರಾಶಿ ಹಾಕಿ ತಾಡಪಾಲು ಮುಚ್ಚಿದ. ಅತ್ತೆಯೂ ಗುದ್ದಲಿ ಹಿಡಿದಳು. ಸೊಂಟ ನೋವಿನ ಮಾತು ಮಾವ ಒಂದು ದಿನವೂ ಎತ್ತಲಿಲ್ಲ.

ಈಗ ಉಳಿದದ್ದು ಒಂದೇ ಪ್ರಶ್ನೆ: ಇದನ್ನೆಲ್ಲ ಎಲ್ಲಿಗೆ ಹಾಕುವುದು? ಆ ದೂರದ ಹೊಂಡದವರು ಕಾರ್ಖಾನೆಯ ಒಪ್ಪಿಗೆ ಪತ್ರವಿಲ್ಲದೆ ಗೇಟು ತೆಗೆಯುವುದಿಲ್ಲವೆಂದರು. ಮಾವ ಮ್ಯಾನೇಜರನ ಬಳಿ ಹೋದ. ‘ಹಸಿರು ನೆರಳಿ’ನ ಮೊದಲ ಕಟ್ಟಡದ ಗಾಜಿನ ಕೋಣೆಯಲ್ಲಿ ಕೂತಿದ್ದ ಮ್ಯಾನೇಜರ್ ಅವನನ್ನು ಗುರುತೇ ಹಿಡಿಯಲಿಲ್ಲ.

“ಯಾವ ಮಣ್ಣು? ನಮ್ಮ ಕಾರ್ಖಾನೆಯಿಂದ ಒಂದು ಹಿಡಿ ಮಣ್ಣೂ ಹೊರಗೆ ಹೋಗಿಲ್ಲ. ಹೋಗಿದ್ರೂ ಅದು ಶುದ್ಧವಾಗಿತ್ತು.”

“ಶುದ್ಧವಾಗಿತ್ತಾ ಸಾರ್?”

“ನೂರಕ್ಕೆ ನೂರು.”

“ಹಾಗಾದ್ರೆ ವಾಪಸ್ ತಗೊಳ್ಳೋಕೆ ಏನ್ ತೊಂದ್ರೆ?” ಎಂದು ಕೇಳಿ ಮಾವ ಉತ್ತರಕ್ಕೆ ಕಾಯದೆ ಹೊರಬಂದ. ಹಾಡಹಗಲಲ್ಲಿ, ಮನೆ ನೋಡಲು ಬಂದ ಗಿರಾಕಿಗಳ ಕಾರುಗಳ ನಡುವೆ ಲಾರಿಯನ್ನು ಹಿಮ್ಮುಖವಾಗಿ ತಂದು, ಗೇಟಿನ ಒಳಗೆ, ಹೊಸದಾಗಿ ಹಾಸಿದ್ದ ಹುಲ್ಲಿನ ಮೇಲೆ ತೊಟ್ಟಿ ಎತ್ತಿ ಸುರಿದ. ಮತ್ತೆ ಹೋದ, ತುಂಬಿಕೊಂಡು ಬಂದ, ಸುರಿದ. ವಾಚ್‌ಮನ್ ತಡೆಯಲು ಓಡಿಬಂದವನು, “ಶುದ್ಧ ಮಣ್ಣು ಅಂತ ನಿಮ್ಮ ಸಾಹೇಬ್ರೇ ಹೇಳಿದಾರೆ,” ಎಂದು ಮಾವ ಹೇಳಿದ ಮೇಲೆ ಪಾಪ, ಗೇಟು ಇನ್ನಷ್ಟು ಅಗಲ ಮಾಡಿಕೊಟ್ಟ. ತುಂಬಿದ ಲಾರಿ ಮತ್ತೊಮ್ಮೆ ಗೇಟು ಮುಟ್ಟುವ ಹೊತ್ತಿಗೆ ಪೊಲೀಸರು ಬಂದಿದ್ದರು.

ಕಾರ್ಖಾನೆ ದೂರು ಕೊಟ್ಟಿತ್ತು. ಮ್ಯಾನೇಜರ್ ಗಾಬರಿಯಲ್ಲಿ ತಾನೇ ಸಹಿ ಹಾಕಿದ ದೂರು. ಜೀವಕ್ಕೆ ಅಪಾಯ ತರುವ ವಿಷಭರಿತ ಮಣ್ಣನ್ನು ತಮ್ಮ ಜಾಗದಲ್ಲಿ ಸುರಿಯಲಾಗಿದೆ, ಮಕ್ಕಳು ವಾಸಿಸಲಿರುವ ಸ್ಥಳವಿದು, ತಕ್ಷಣ ಕ್ರಮ ಕೈಗೊಳ್ಳಬೇಕು, ಎಂದು. ಜತೆಗೆ ತಮ್ಮದೇ ತಜ್ಞರ ಪರೀಕ್ಷೆಯ ಅಂಕಿಗಳನ್ನೂ ಲಗತ್ತಿಸಿದ್ದರು. ಮೇಡಂ ವರ್ಷವಿಡೀ ತಲೆ ಚಚ್ಚಿಕೊಂಡರೂ ಯಾರಿಂದಲೂ ಹೇಳಿಸಲಾಗದ ಮಾತನ್ನು ಕಾರ್ಖಾನೆಯವರು ಅರ್ಧ ದಿನದಲ್ಲಿ, ಮೊಹರು ಒತ್ತಿ, ಪೊಲೀಸ್ ಠಾಣೆಗೆ ಹೊತ್ತು ತಂದುಕೊಟ್ಟಿದ್ದರು.

ನ್ಯಾಯಾಲಯದಲ್ಲಿ ಕಾರ್ಖಾನೆಯ ವಕೀಲರು ಮಣ್ಣು ವಿಷವೇ ಹೌದು, ಆದರೆ ನಮ್ಮದಲ್ಲ ಎಂದರು. ಮೇಡಂ ಆ ರಾಶಿಯಿಂದ ಆರಿಸಿದ ಬ್ಯಾಟರಿ ಡಬ್ಬಿಯ ಕಪ್ಪು ಚೂರುಗಳನ್ನು ಮೇಜಿನ ಮೇಲಿಟ್ಟರು. ಇಡೀ ಊರಿನಲ್ಲಿ ಬ್ಯಾಟರಿ ಒಡೆಯುತ್ತಿದ್ದವರು ಇನ್ಯಾರಾದರೂ ಇದ್ದರೆ ಹೇಳಿ ಎಂದರು ನ್ಯಾಯಾಧೀಶರು. ವಕೀಲರು ಬಹಳ ಯೋಚಿಸಿ, ಸಮಯ ಕೇಳಿದರು. ಮಾವನನ್ನು ಕೇಳಿದಾಗ ಅವನು ಸುತ್ತಿ ಬಳಸಲಿಲ್ಲ.

“ಸಾಗಿಸಿದ್ದು ನಾನೇ. ಗೊತ್ತಿರಲಿಲ್ಲ ಅಂತ ಹೇಳಬಹುದು. ಆದ್ರೆ ಅವರು ಮೂಗು ಮುಚ್ಚಿಕೊಂಡಿದ್ದು ನೋಡಿದ್ದೆ. ಕೇಳಬೇಕು ಅಂತ ಅನ್ನಿಸಲಿಲ್ಲ. ಊರೆಲ್ಲ ಮಾವ ಮಾವ ಅಂತಿತ್ತು.”

ಊರಿನ ಮಣ್ಣನ್ನೆಲ್ಲ ಕಾರ್ಖಾನೆಯ ಖರ್ಚಿನಲ್ಲೇ ಹೊಂಡಕ್ಕೆ ಸಾಗಿಸಬೇಕೆಂದು ತೀರ್ಪಾಯಿತು. ಕಾರ್ಖಾನೆ ಮೇಲ್ಮನವಿ ಹಾಕಿತು, ಸೋತಿತು, ಕೊನೆಗೆ ಒಪ್ಪಿತು. ಶುಚಿ ಮಾಡುವ ಗುತ್ತಿಗೆ ಸಿಕ್ಕಿದ್ದು ಮಾಲೀಕರ ಅಳಿಯನ ಕಂಪನಿಗೆ. ಕೊಳೆ ಮಾಡುವುದೂ ತೊಳೆಯುವುದೂ ಒಂದೇ ಮನೆಯಲ್ಲಿದ್ದರೆ ಅನುಕೂಲ. ಮ್ಯಾನೇಜರನಿಗೆ ಬೇರೆ ಊರಿಗೆ ಬಡ್ತಿ. ಮಾವನಿಗೆ ದಂಡ, ಲೈಸೆನ್ಸ್ ರದ್ದು. ತುಂಬಿದ ಲಾರಿ ಸಾಕ್ಷಿಯಾಗಿ ಪೊಲೀಸ್ ಠಾಣೆಯ ಅಂಗಳದಲ್ಲಿ ನಿಂತಿತು. ಒಂದು ಮಳೆಗಾಲ ಅದರ ತೊಟ್ಟಿಯಿಂದ ಕಪ್ಪು ನೀರು ಸೋರಿದ ಮೇಲೆ ಇನ್ಸ್‌ಪೆಕ್ಟರೇ ಹೆದರಿ ಮೇಡಂಗೆ ಫೋನ್ ಮಾಡಿದರು.

ಅಳಿಯನ ಕಂಪನಿಯ ಡ್ರೈವರುಗಳಿಗೆ ಯಾವ ಮನೆ, ಯಾವ ಮೂಲೆ ಎಂದು ತೋರಿಸುವವರಿರಲಿಲ್ಲ. ಮಾವನೇ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಮಾವನ ಗುದ್ದಲಿಗೆ ದಕ್ಕದೆ ಉಳಿದಿದ್ದ ಶಾಲೆಯ ಮೈದಾನವನ್ನು ಅಗೆದು ಮುಗಿಸಿದ ದಿನ ಮೇಡಂ ಸಲಾಕೆ ಇಳಿಸಿ ನೋಡಿ, ಅಂಕಿ ಬಿದ್ದದ್ದನ್ನು ತೋರಿಸಿದಾಗ ಅವನು ಯಂತ್ರವನ್ನೇ ಮುಟ್ಟಿ ಮುಟ್ಟಿ ನೋಡಿದ. “ಇದು ಸುಳ್ಳು ಹೇಳಲ್ಲ ಅಲ್ವಾ?” ಎಂದು ಕೇಳಿದ. “ಬ್ಯಾಟರಿ ಚಾರ್ಜ್ ಇದ್ರೆ ಹೇಳಲ್ಲ,” ಎಂದರು ಮೇಡಂ. ಬ್ಯಾಟರಿ ಎಂಬ ಮಾತಿಗೆ ಇಬ್ಬರೂ ನಕ್ಕುಬಿಟ್ಟರು.

ಗುಬ್ಬಿಯ ರಕ್ತದಲ್ಲಿ ಸೀಸ ನಿಧಾನವಾಗಿ ಇಳಿಯಿತು. ಮಾತು ಮರಳಿತು, ಈಗ ಬೇಡವೆಂದರೂ ನಿಲ್ಲಿಸುವುದಿಲ್ಲ. ಆದರೆ ಶಾಲೆಯಲ್ಲಿ ಅಕ್ಷರಗಳು ಅವಳ ಮುಂದೆ ತಿರುಗಾಮುರುಗಾ ನಿಲ್ಲುತ್ತವೆ, ಲೆಕ್ಕ ಜಾರಿಹೋಗುತ್ತದೆ. ಸೀಸದಿಂದಲೋ, ಹುಟ್ಟು ಸ್ವಭಾವವೋ ಹೇಳಲಾಗದು ಎನ್ನುತ್ತಾರೆ ಡಾಕ್ಟರಮ್ಮ. ಮಾವ ಮಾತ್ರ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ಅವಳು ಒಂದು ಅಕ್ಷರ ತಪ್ಪು ಬರೆದರೂ ಎದ್ದು ಹೊರಗೆ ಹೋಗುತ್ತಾನೆ.

“ಎಲ್ಲದಕ್ಕೂ ನೀವೇ ಕಾರಣ ಅಂದ್ಕೋಬೇಡಿ,” ಎನ್ನುತ್ತಾಳೆ ಅತ್ತೆ. “ಅದೂ ಒಂದು ಜಂಬ.”

ಈಗ ಊರಲ್ಲಿ ಮನೆ ಕೊಳ್ಳುವವರು ಸದ್ದಿಲ್ಲದೆ ಬಂದು ಮಾವನನ್ನು ಕೇಳಿಹೋಗುತ್ತಾರೆ. ಅವನು ಇದ್ದದ್ದು ಇದ್ದ ಹಾಗೆ ಹೇಳುವುದರಿಂದ ಮನೆ ಮಾರುವವರಿಗೆ ಅವನ ಮುಖ ಕಂಡರಾಗದು. ಊರಿನವರು ಅವನನ್ನು ಮಾವ ಎನ್ನುವುದನ್ನು ಬಿಟ್ಟು ಬಹಳ ದಿನವಾಯಿತು. ಮೊನ್ನೆ ಗಂಡಹೆಂಡಿರಿಬ್ಬರು ಬಂದು ಸೇತುವೆಯಾಚೆಯ ಒಂದು ಮನೆಯ ಹಿತ್ತಲಿನ ಬಗ್ಗೆ ಕೇಳಿದರು.

“ಹಾಕಿದ್ದೆ. ತೆಗೆದಿದ್ದೀನಿ,” ಎಂದ. “ಆದ್ರೂ ಪರೀಕ್ಷೆ ಮಾಡಿಸಿಯೇ ತಗೊಳ್ಳಿ. ನನ್ನ ಮಾತು ನಂಬಿದವರೇ ಈ ಊರಲ್ಲಿ ಕೆಟ್ಟಿರೋದು.”

ಅವರು ಹೋದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಶಾಲೆಯ ಕಡೆ ನಡೆದ. ಗುಬ್ಬಿಯ ಕ್ಲಾಸು ಬಿಡುವ ಹೊತ್ತಾಗಿತ್ತು.